ಜಯ, ಜಯಂತ, ವಿಜಯ: ಗೂಢಚಾರರ ಗುಟ್ಟಿನ ಹೆಸರುಗಳು

ಶಿಷ್ಯೆ: ಮೂರು ಅಧ್ಯಾಯಾನೂ ಓದಿದ್ರಾ ಮೇಷ್ಟ್ರೇ?

ಮೇಷ್ಟ್ರು: ಓದಿದೆನಮ್ಮ. ಕಾರವಾರದ ಬಂದರು ಚೆನ್ನಾಗಿ ಬಂದಿದೆ, ಮಳೆ ಇನ್ನೂ ಚೆನ್ನಾಗಿದೆ. ನನ್ನ ತಕರಾರು ಒಂದೇ. ನಿನ್ನ ಗೂಢಚಾರನ ಗುಟ್ಟಿನ ಹೆಸರು 'ವ್ಯಾಘ್ರ'. ಆ ಹೆಸರು ಇಟ್ಟವರು ಯಾರು?

ಶಿಷ್ಯೆ: ನಾನೇ.

ಮೇಷ್ಟ್ರು: ಕಥೆಯೊಳಗೆ ಯಾರು ಅಂತ ಕೇಳಿದ್ದು. ದೆಹಲಿಯ ಯಾವುದೋ ಕೋಣೆಯಲ್ಲಿ ಕೂತ ಅಧಿಕಾರಿ ಫೈಲಿನ ಮೇಲೆ ಆ ಹೆಸರು ಬರೆದಿರಬೇಕಲ್ಲ, ಅವನು ಯಾಕೆ ವ್ಯಾಘ್ರ ಅಂತ ಬರೀತಾನೆ? ನಿನ್ನ ಮನುಷ್ಯ ಬಂದರಿನಲ್ಲಿ ಮೀನಿನ ಲೆಕ್ಕ ಬರೆಯೋ ಗುಮಾಸ್ತನಾಗಿ ಕೂತಿದ್ದಾನೆ. ಯಾರ ಕಣ್ಣಿಗೂ ಬೀಳದೆ ಇರೋದೇ ಅವನ ಕಸುಬು.

ಶಿಷ್ಯೆ: ಓದುಗರಿಗೆ ಮೈ ಜುಮ್ಮೆನ್ನಲಿ ಅಂತ ಇಟ್ಟೆ. ಸ್ಕಾರ್ಲೆಟ್ ಪಿಂಪರ್ನೆಲ್, ಜೋರೋ, ಬ್ಯಾಟ್‌ಮನ್ ಇವರ ಹೆಸರಲ್ಲೇ ಅರ್ಧ ಕಥೆ ಇದೆ ಅಲ್ವಾ?

ಮೇಷ್ಟ್ರು: ಅವರು ಮುಖವಾಡದ ವೀರರು, ಗೂಢಚಾರರ ಜಾತಿಯೇ ಬೇರೆ. ಪಿಂಪರ್ನೆಲ್ ತಗೋ. 1905ರ ಕಾದಂಬರಿ, ಬರೆದವರು ಬ್ಯಾರೊನೆಸ್ ಓರ್ಟ್ಸಿ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಗಿಲೊಟಿನ್ನಿಗೆ ಹೋಗಬೇಕಾದವರನ್ನ ಒಬ್ಬ ಇಂಗ್ಲಿಷಿನವನು ಪಾರು ಮಾಡ್ತಾನೆ, ಒಂದು ಸಣ್ಣ ಕಾಡುಹೂವಿನ ಚಿತ್ರ ಗುರುತಾಗಿ ಬಿಡ್ತಾನೆ. ಪ್ಯಾರಿಸ್ಸಿಗೆಲ್ಲ ಆ ಹೆಸರು ಗೊತ್ತು. ಆಳು ಯಾರು ಅಂತ ಅವನ ಹೆಂಡತಿಗೂ ಗೊತ್ತಿಲ್ಲ. ಲಂಡನ್ನಿನಲ್ಲಿ ಅವನು ಬಟ್ಟೆಬರೆಯ ಮೋಜಿನ ದಡ್ಡ ಅಂತಲೇ ಹೆಸರಾಗಿರ್ತಾನೆ. 1919ರ ಜೋರೋ, 1939ರ ಬ್ಯಾಟ್‌ಮನ್ ಇದೇ ದಾರಿ ಹಿಡಿದವರು. ಅಲ್ಲಿ ಹೆಸರು ಊರಿಗೆಲ್ಲ ಕೇಳಬೇಕು, ಆಳು ಕಾಣಬಾರದು. ಗೂಢಚಾರನದು ಇದರ ತಿರುಗುಮುರುಗು. ಆಳು ಎಲ್ಲರಿಗೂ ಕಾಣ್ತಾನೆ: ಪಕ್ಕದ ಮನೆಯವನು, ಗುಮಾಸ್ತ, ಯಾರದೋ ಗಂಡ. ಹೆಸರು ಗೊತ್ತಿರೋದು ಇಬ್ಬರಿಗೋ ಮೂವರಿಗೋ. ಆ ಇಬ್ಬರು ಮೂವರು ಯಾರು ಅನ್ನೋದು ನಿನ್ನ ಮೂರು ಅಧ್ಯಾಯದಲ್ಲಿ ಎಲ್ಲೂ ಇಲ್ಲ.

ಶಿಷ್ಯೆ: ಹೆಸರಿನಿಂದ ಗುಟ್ಟು ಬಿಟ್ಟುಹೋಗೋ ಅಪಾಯ ಇದೆ ಅಂತ ನನಗೂ ಗೊತ್ತು. 1940ರಲ್ಲಿ ಜರ್ಮನರ ಹೊಸ ರೇಡಿಯೋ ಕಿರಣದ ಸಾಧನಕ್ಕೆ 'ವೋಟಾನ್' ಅನ್ನೋ ಹೆಸರು ಇದೆ ಅಂತ ಬ್ರಿಟಿಷರಿಗೆ ತಿಳೀತು. ಆರ್. ವಿ. ಜೋನ್ಸ್ ಅನ್ನೋ ವಿಜ್ಞಾನಿ ಜರ್ಮನ್ ಬಲ್ಲವರೊಬ್ಬರನ್ನ ಕೇಳಿದರು. ವೋಟಾನ್ ಒಕ್ಕಣ್ಣಿನ ದೇವರು ಅಂತ ಉತ್ತರ ಬಂತು. ಹಾಗಾದರೆ ಇದು ಒಂದೇ ಕಿರಣದಿಂದ ಕೆಲಸ ಮಾಡೋ ಸಾಧನ ಅಂತ ಜೋನ್ಸ್ ಊಹಿಸಿಬಿಟ್ಟರು. ಇಂಥ ಅಪಾಯ ತಪ್ಪಿಸೋಕೇ ನಿಜವಾದ ಯುದ್ಧದಲ್ಲಿ ಕೆಲಸಕ್ಕೆ ಸಂಬಂಧವಿಲ್ಲದ ಹೆಸರುಗಳ ಪಟ್ಟಿ ಮಾಡಿಟ್ಟು ಅದರಿಂದ ಒಂದೊಂದೇ ಆರಿಸ್ತಿದ್ದರು. ಆದರೆ ನಾನು ಬರೀತಿರೋದು ಕಾದಂಬರಿ. ಕಣ್ಣು ಮುಚ್ಚಿಕೊಂಡು ಹೆಸರು ಎತ್ತಿದ್ರೆ ಓದುಗನಿಗೆ ಏನು ಸಿಗುತ್ತೆ?

ಮೇಷ್ಟ್ರು: ಕಣ್ಣು ಮುಚ್ಚಿಕೊಂಡು ಎತ್ತು ಅಂತ ನಾನು ಹೇಳಲ್ಲ. ಆದರೆ ಆ ಪಟ್ಟಿಯವರಿಗೂ ಒಂದು ಸಂಕಟ ಇತ್ತು. 1943ರಲ್ಲಿ ಚರ್ಚಿಲ್ ಈ ಹೆಸರುಗಳ ಬಗ್ಗೆಯೇ ಒಂದು ಟಿಪ್ಪಣಿ ಬರೆದ. ಜಂಬದ ಹೆಸರು ಬೇಡ, ಹುಡುಗಾಟದ ಹೆಸರೂ ಬೇಡ. ಯಾಕೆ ಅಂದರೆ ನಾಳೆ ಒಬ್ಬ ತಾಯಿ ತನ್ನ ಮಗ ಇಂಥ ಕಾರ್ಯಾಚರಣೆಯಲ್ಲಿ ಸತ್ತ ಅಂತ ಬಾಯಿಬಿಟ್ಟು ಹೇಳಬೇಕಾಗುತ್ತೆ, ಆ ಮಾತು ಹೇಳುವಾಗ ಅವಳಿಗೆ ಅವಮಾನ ಆಗಬಾರದು. ಸಾವಿರ ಕೆಲಸದ ನಡುವೆ ಪ್ರಧಾನಿಯೊಬ್ಬ ಇಷ್ಟು ಯೋಚನೆ ಮಾಡಿದ ಅನ್ನೋದು ನನಗೆ ದೊಡ್ಡದಾಗಿ ಕಾಣುತ್ತೆ. ಆ ಹೆಸರನ್ನ ಮುಂದೆ ಯಾರು ಹೇಳಬೇಕಾಗಿ ಬರುತ್ತೆ ಅಂತ ಅವನು ಕೇಳಿಕೊಂಡ. ನೀನೂ ಅದನ್ನೇ ಕೇಳಿಕೊ.

ಶಿಷ್ಯೆ: ಸರಿ, ವ್ಯಾಘ್ರ ಬೇಡ, ತೆಗೆದೆ. ನಂಬರ್ ಕೊಡಲಾ? ನಂಬರಿಗೆ ಜಂಬ ಇಲ್ಲ.

ಮೇಷ್ಟ್ರು: ನಂಬರಿಗೂ ಕಥೆ ಬೇಕಮ್ಮ. ಈ ಅಕ್ಷರ, ಅಂಕಿಯ ಪದ್ಧತಿ ಕಾದಂಬರಿಗೆ ಬಂದಿದ್ದರಲ್ಲಿ ನಮ್ಮ ದೇಶದ ಪಾಲು ದೊಡ್ಡದು. ಕಿಪ್ಲಿಂಗನ 'ಕಿಮ್' 1901ರಲ್ಲಿ ಬಂತು. ಅದರಲ್ಲಿ ಕುದುರೆ ವ್ಯಾಪಾರಿ ಮಹಬೂಬ್ ಅಲಿ ಸರ್ವೆ ಇಲಾಖೆಯ ಬೀಗ ಹಾಕಿದ ಪುಸ್ತಕದಲ್ಲಿ ಸಿ.25.1ಬಿ. ಬಂಗಾಳಿ ಬಾಬು ಆರ್.17. ರೈಲಿನಲ್ಲಿ ಪ್ರಾಣಭಯದಿಂದ ನಡುಗ್ತಾ ಬರೋ ಮರಾಠ ಇ.23. ಆ ಹುಡುಗ ಕಿಮ್ ಅವನನ್ನ ರೈಲಿನ ಡಬ್ಬಿಯಲ್ಲೇ ಬೂದಿ ಬಳಿದು ಸಾಧು ಮಾಡಿ ಉಳಿಸ್ತಾನೆ. ಇದನ್ನ ಕಿಪ್ಲಿಂಗ್ ಸುಮ್ಮನೆ ಗಾಳಿಯಿಂದ ಹಿಡಿದದ್ದಲ್ಲ. ಸರ್ವೆ ಇಲಾಖೆಯವರು ಟಿಬೆಟ್ಟಿಗೆ ಬಿಳಿಯರನ್ನ ಕಳಿಸೋಕೆ ಆಗದೆ ಕುಮಾವೂಂ ಬೆಟ್ಟದ ಕಡೆಯವರನ್ನ ಯಾತ್ರಿಕರ ವೇಷದಲ್ಲಿ ಕಳಿಸ್ತಿದ್ದರು. ನೈನ್ ಸಿಂಗ್ ರಾವತ್ ಅಂತ ಒಬ್ಬ ಶಾಲಾ ಮೇಷ್ಟ್ರು. ವರದಿಗಳಲ್ಲಿ ಬರೀ 'ಪಂಡಿತ', ಇಲ್ಲವೇ 'ನಂ. 1'. ಅವರ ಬಂಧು ಕಿಷನ್ ಸಿಂಗ್ 'ಎ.ಕೆ.'. ಜಪಮಾಲೆಯಲ್ಲಿ 108 ಮಣಿಯ ಬದಲು 100 ಮಣಿ, ನೂರು ಹೆಜ್ಜೆಗೆ ಒಂದು ಮಣಿ. ಪ್ರಾರ್ಥನಾಚಕ್ರದೊಳಗೆ ಮಂತ್ರದ ಸುರುಳಿಯ ಬದಲು ಅಳತೆಯ ಚೀಟಿ. ಹಾಗೆ ಹೆಜ್ಜೆ ಎಣಿಸ್ತಾ ನೈನ್ ಸಿಂಗ್ 1866ರ ಜನವರಿಯಲ್ಲಿ ಲ್ಹಾಸಾ ಮುಟ್ಟಿದರು. 1877ರಲ್ಲಿ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಚಿನ್ನದ ಪದಕ ಕೊಡುವಾಗ ಆ ಅಂಕಿಯ ಹಿಂದಿದ್ದ ಹೆಸರು ಲೋಕಕ್ಕೆ ಗೊತ್ತಾಗಿತ್ತು.

ಶಿಷ್ಯೆ: ಬಾಂಡ್‌ನ ನಂಬರಿಗೂ ಬೆಲೆ ಇದೆ, ಅದು ಬರೀ ಸಿನಿಮಾ ನೋಡಿದವರಿಗೆ ಪೂರ್ತಿ ಗೊತ್ತಾಗಲ್ಲ. ಫ್ಲೆಮಿಂಗ್ ಬರೆದ 1953ರ 'ಕ್ಯಾಸಿನೋ ರಾಯಲ್' ಓದಬೇಕು. ಆ ಎರಡು ಸೊನ್ನೆ ಸಿಕ್ಕಿದ್ದು ಇಬ್ಬರನ್ನ ಕೊಂದ ಮೇಲೆ, ಒಬ್ಬ ನ್ಯೂಯಾರ್ಕಿನಲ್ಲಿ, ಇನ್ನೊಬ್ಬ ಸ್ಟಾಕ್‌ಹೋಮ್‌ನಲ್ಲಿ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಬಾಂಡ್ ಆ ಇಬ್ಬರನ್ನ ನೆನೆಸಿಕೊಂಡು ತನ್ನ ಕೆಲಸವನ್ನೇ ಪ್ರಶ್ನೆ ಮಾಡಿಕೊಳ್ತಾನೆ. 1964ರ 'ಯೂ ಓನ್ಲಿ ಲಿವ್ ಟ್ವೈಸ್' ಹೊತ್ತಿಗೆ ಹೆಂಡತಿ ಸತ್ತು ಕುಸಿದುಹೋಗಿರ್ತಾನೆ, ಆಗ ಮೇಲಧಿಕಾರಿ ಆ ನಂಬರ್ ಕಿತ್ತುಕೊಂಡು 7777 ಅಂತ ಬೇರೆ ಕೊಡ್ತಾನೆ. ಕೊನೆಗೆ ನೆನಪೇ ಹೋಗಿ, ಜಪಾನಿನ ಒಂದು ದ್ವೀಪದಲ್ಲಿ ಬೆಸ್ತನಾಗಿ ಬದುಕ್ತಾನೆ. ಮೊದಲು ನಂಬರ್ ಹೋಯಿತು, ಆಮೇಲೆ ಹೆಸರೂ ಹೋಯಿತು. ಫ್ಲೆಮಿಂಗ್ ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ಗುಪ್ತಚರ ವಿಭಾಗದಲ್ಲೇ ಕೆಲಸ ಮಾಡಿದವನು. ನಾಯಕನ ಹೆಸರು ಆದಷ್ಟೂ ಸಪ್ಪೆ ಇರಲಿ ಅಂತ ಒಬ್ಬ ಪಕ್ಷಿತಜ್ಞನ ಪುಸ್ತಕದಿಂದ ಎತ್ತಿಕೊಂಡ. ಸಪ್ಪೆ ಹೆಸರು, ರಕ್ತದ ನಂಬರ್. ಆ ಜೋಡಣೆ ನನಗೆ ಇವತ್ತಿಗೂ ಇಷ್ಟ.

ಮೇಷ್ಟ್ರು: ನಮ್ಮ 999 ನೆನಪಾಗಲಿಲ್ವಾ ನಿನಗೆ?

ಶಿಷ್ಯೆ: ಆಗದೆ ಏನು! 'ಜೇಡರ ಬಲೆ' ನೋಡದೆ ಬೆಳೆದವರು ಯಾರಿದ್ದಾರೆ?

ಮೇಷ್ಟ್ರು: ದೊರೈ-ಭಗವಾನ್ ಜೋಡಿ, ರಾಜ್‌ಕುಮಾರ್ ಸಿ.ಐ.ಡಿ. 999. 1968ರಲ್ಲಿ 'ಜೇಡರ ಬಲೆ', ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', ಕೊನೆಗೆ 1978ರಲ್ಲಿ 'ಆಪರೇಷನ್ ಡೈಮಂಡ್ ರ‍್ಯಾಕೆಟ್'. ನಾಯಕನ ಹೆಸರು ಪ್ರಕಾಶ್. 'ಜೇಡರ ಬಲೆ' ಹೊತ್ತಿಗಾಗಲೇ ತೆಲುಗಿನಲ್ಲಿ 'ಗೂಢಚಾರಿ 116' ಬಂದಿತ್ತು, ಅದೇ 116 ಹಿಂದಿಯ 'ಫರ್ಜ್'ಗೂ ಹೋಯಿತು. ಆ ನಂಬರುಗಳ ಹಿಂದೆ ಫ್ಲೆಮಿಂಗನ ಲೆಕ್ಕಾಚಾರ ಇಲ್ಲ, ಒಪ್ತೀನಿ. ಆದರೆ ಪುರಾಣ, ಭಕ್ತಿ, ಸಂಸಾರದ ಚಿತ್ರಗಳಲ್ಲಿ ನೋಡಿದ್ದ ಅದೇ ಮುಖಕ್ಕೆ ಕೋಟು ತೊಡಿಸಿ ಒಂದು ನಂಬರ್ ಕೊಟ್ಟಾಗ ಕನ್ನಡದ ಪ್ರೇಕ್ಷಕ ಹೊಸ ಕಾಲಕ್ಕೆ ಕಾಲಿಟ್ಟ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಗೆ ಗುಟ್ಟಿನ ಹೆಸರು ಬೇಕಿರಲಿಲ್ಲ, ತನ್ನ ಹೆಸರಲ್ಲೇ ಎಲ್ಲ ಕಡೆ ಹೋಗ್ತಿದ್ದ. 999 ಹಾಗಲ್ಲ, ಅವನು ಸರ್ಕಾರದ ಆಳು. ಸರ್ಕಾರದ ಗುಟ್ಟು ಒಂದು ಅಂಕಿಯಾಗಿ ನಮ್ಮ ಪರದೆಗೆ ಬಂದದ್ದೇ ಆಗಿನ ಸಂಭ್ರಮ. ಅದನ್ನ ಈಗ ಮತ್ತೆ ಮಾಡಿದ್ರೆ ಬರೀ ನೆನಪು.

ಶಿಷ್ಯೆ: ಹೆಸರೂ ಬೇಡ, ನಂಬರೂ ಬೇಡ. ಹಾಗಾದರೆ ಏನು ಮಾಡಲಿ?

ಮೇಷ್ಟ್ರು: ಹೆಸರು ಬೇಕು. ಅದನ್ನ ಕೂಗೋರು ಬೇಕು. ವಿರಾಟಪರ್ವ ನೆನಪು ಮಾಡಿಕೊ. ಪಾಂಡವರಿಗೆ ಮತ್ಸ್ಯನಗರದಲ್ಲಿ ಏನೇನು ಹೆಸರು?

ಶಿಷ್ಯೆ: ಕಂಕಭಟ್ಟ, ವಲಲ, ಬೃಹನ್ನಳೆ, ಗ್ರಂಥಿಕ, ತಂತ್ರಿಪಾಲ. ದ್ರೌಪದಿ ಸೈರಂಧ್ರಿ.

ಮೇಷ್ಟ್ರು: ಅವು ಊರಿಗೆ ಹೇಳಿದ ಹೆಸರು, ವೇಷದ ಹೆಸರು. ಮೂಲ ಸಂಸ್ಕೃತದ ಭಾರತದಲ್ಲಿ ಇನ್ನೊಂದು ಸಾಲು ಹೆಸರಿದೆ. ಊರ ಬಾಗಿಲು ಹೊಗೋ ಮುಂಚೆ ಯುಧಿಷ್ಠಿರ ತಮ್ಮತಮ್ಮಲ್ಲೇ ಇರಲಿ ಅಂತ ಐವರಿಗೂ ಬೇರೆ ಹೆಸರು ಇಡ್ತಾನೆ: ಜಯ, ಜಯಂತ, ವಿಜಯ, ಜಯತ್ಸೇನ, ಜಯದ್ಬಲ. ರಾಜ ವಿರಾಟನಿಗೆ ಗೊತ್ತಿಲ್ಲ, ರಾಣಿ ಸುದೇಷ್ಣೆಗೆ ಗೊತ್ತಿಲ್ಲ, ದುರ್ಯೋಧನನ ಚಾರರಿಗೂ ಗೊತ್ತಿಲ್ಲ. ಒಂದು ಹೆಸರು ಶತ್ರುವಿನ ಕಣ್ಣಿಗೆ ಮಣ್ಣೆರಚೋಕೆ, ಇನ್ನೊಂದು ನಮ್ಮವರ ಕಿವಿಗೆ. ಈ ಎರಡರ ಭೇದ ಅಷ್ಟು ಹಿಂದೆಯೇ ಕವಿಗೆ ಗೊತ್ತಿತ್ತು.

ಶಿಷ್ಯೆ: ಆ ಐದು ಹೆಸರು ಆಮೇಲೆ ಎಲ್ಲಾದರೂ ಉಪಯೋಗಕ್ಕೆ ಬರುತ್ತಾ?

ಮೇಷ್ಟ್ರು: ಬರುತ್ತೆ, ಅಲ್ಲೇ ಇರೋದು ವಿಷಯ. ಸೈರಂಧ್ರಿಯ ಹಿಂದೆ ಬಿದ್ದಿದ್ದ ಕೀಚಕ ಭೀಮನ ಕೈಯಲ್ಲಿ ನರ್ತನಶಾಲೆಯಲ್ಲಿ ಸತ್ತು ಬಿದ್ದಿದ್ದಾನೆ. ಉಪಕೀಚಕರು ಬಂದು ನೋಡ್ತಾರೆ, ಕಂಬಕ್ಕೆ ಒರಗಿ ನಿಂತ ಸೈರಂಧ್ರಿ ಕಾಣ್ತಾಳೆ. ಇವಳಿಂದಲೇ ನಮ್ಮಣ್ಣ ಸತ್ತ, ಇವಳನ್ನೂ ಅವನ ಜೊತೆ ಸುಟ್ಟುಬಿಡೋಣ ಅಂತ ಹೆಣದ ಜೊತೆ ಚಟ್ಟಕ್ಕೆ ಕಟ್ಟಿ ಸ್ಮಶಾನಕ್ಕೆ ಹೊರ್ತಾರೆ. ಈಗ ಅವಳು ಯಾರನ್ನ ಕರೀಬೇಕು? ಭೀಮಾ ಅಂತ ಕೂಗಿದ್ರೆ ಅಜ್ಞಾತವಾಸ ಮುರಿದು ಮತ್ತೆ ಹನ್ನೆರಡು ವರ್ಷ ಕಾಡು. ವಲಲಾ ಅಂತ ಕೂಗಿದ್ರೆ ಅಡುಗೆಯವನಿಗೂ ಇವಳಿಗೂ ಏನು ಸಂಬಂಧ ಅಂತ ಊರೇ ಕೇಳುತ್ತೆ. ಅವಳು ಆ ಐದು ಹೆಸರು ಹಿಡಿದು ಕೂಗ್ತಾಳೆ: ಜಯ, ಜಯಂತ, ವಿಜಯ, ಜಯತ್ಸೇನ, ಜಯದ್ಬಲ ನನ್ನ ಮಾತು ಕೇಳಿಸಿಕೊಳ್ಳಲಿ ಅಂತ. ಕೆಲಸಕ್ಕೆ ಸೇರುವಾಗಲೇ ಅವಳು ಸುದೇಷ್ಣೆಗೆ ಹೇಳಿದ್ದಳಲ್ಲ, ನನಗೆ ಐವರು ಗಂಧರ್ವರು ಗಂಡಂದಿರು, ಅವರು ನನ್ನ ಕಾಯ್ತಾರೆ ಅಂತ. ಹಾಗಾಗಿ ಕೇಳಿದವರಿಗೆಲ್ಲ ಅವು ಗಂಧರ್ವರ ಹೆಸರು. ಮಲಗಿದ್ದ ಭೀಮನಿಗೆ ಮಾತ್ರ ಅದು ಮನೆಯ ಕೂಗು. ಅವನು ವೇಷ ಬದಲಾಯಿಸಿ, ಬಾಗಿಲಿನಿಂದ ಹೋಗದೆ ಗೋಡೆ ಹಾರಿ, ಸ್ಮಶಾನದ ಮರ ಕಿತ್ತುಕೊಂಡು 105 ಮಂದಿಯನ್ನ ಕೆಡವಿ, ಬೇರೆ ದಾರಿಯಲ್ಲಿ ಅಡುಗೆಮನೆಗೆ ವಾಪಸ್ ಬರ್ತಾನೆ. ಊರಿನವರು ಗಂಧರ್ವರು ಕೊಂದರು ಅಂತಾರೆ.

ಶಿಷ್ಯೆ: ಮೈ ಜುಮ್ಮೆಂದಿತು ಮೇಷ್ಟ್ರೇ. ವೇಷದ ಕಥೆಗೂ ಗುಟ್ಟಿನ ಹೆಸರಿಗೂ ದ್ರೌಪದಿ ಎಷ್ಟು ಚೆನ್ನಾಗಿ ಗಂಟು ಹಾಕಿದ್ದಾಳೆ! ಇವತ್ತಿನ ಯಾವ ಗೂಢಚಾರ ಕಾದಂಬರಿಕಾರನೂ ಇದಕ್ಕಿಂತ ಬಿಗಿಯಾಗಿ ಹೆಣೆದಿಲ್ಲ.

ಮೇಷ್ಟ್ರು: ಹೆಸರಿಟ್ಟದ್ದು ಯುಧಿಷ್ಠಿರ. ಆದರೆ ಆ ಹೆಸರಿಗೆ ಜೀವ ಬಂದದ್ದು ಅವಳ ಬಾಯಲ್ಲಿ. ನೀನು ವ್ಯಾಘ್ರ ಅಂತ ಬರೆದು ಬಿಟ್ಟೆ, ಯಾರೂ ಅವನನ್ನ ಹಾಗೆ ಕರೆಯೋ ಪ್ರಸಂಗವೇ ಬರಲಿಲ್ಲ.

ಶಿಷ್ಯೆ: ಆದರೆ ಎಲ್ಲ ಕಥೆಯಲ್ಲೂ ಗುಟ್ಟಿನ ಹೆಸರು ಕಾಪಾಡೋಕೆ ಇರೋದಲ್ಲ. ಜಾನ್ ಲೆ ಕಾರೆ ಬರೆದ 'ಟಿಂಕರ್ ಟೇಲರ್ ಸೋಲ್ಜರ್ ಸ್ಪೈ', 1974. ಬ್ರಿಟಿಷ್ ಗುಪ್ತಚರ ಸಂಸ್ಥೆಯ ತುದಿಯಲ್ಲೇ ರಷ್ಯದ ಆಳು ಒಬ್ಬ ಕೂತಿದ್ದಾನೆ. ಮಾಸ್ಕೋದವರು ಅವನಿಗಿಟ್ಟ ಹೆಸರು ಜೆರಾಲ್ಡ್. ಅವನನ್ನ ಹುಡುಕೋಕೆ ಮುಖ್ಯಸ್ಥ ತನ್ನ ಹತ್ತಿರದ ಐವರಿಗೂ ಮಕ್ಕಳ ಎಣಿಕೆಯ ಹಾಡಿನಿಂದ ಹೆಸರು ಎತ್ತಿಡ್ತಾನೆ. ಅದರಲ್ಲಿ ಒಂದು ಹೆಸರು, ಆಮೇಲೆ ಇದನ್ನೆಲ್ಲ ಪತ್ತೆ ಮಾಡೋಕೆ ಬರೋ ಸ್ಮೈಲಿಯದೇ. ತನ್ನ ಮೇಲೂ ಅನುಮಾನ ಇತ್ತು ಅಂತ ಆ ಮನುಷ್ಯನಿಗೆ ತಡವಾಗಿ ಗೊತ್ತಾಗುತ್ತೆ. ಜೆರಾಲ್ಡ್ ಯಾರು ಅಂತ ನಾನು ಹೇಳಲ್ಲ, ಓದದವರು ಓದಬೇಕು. ದಿನವೂ ಜೊತೆಯಲ್ಲಿ ಚಹಾ ಕುಡಿಯೋ ಮನುಷ್ಯನಿಗೆ ಇನ್ನೊಂದು ಹೆಸರಿದೆ, ಅದು ಶತ್ರುವಿಗೆ ಗೊತ್ತು, ನನಗೆ ಗೊತ್ತಿಲ್ಲ. ಅದರ ನೋವೇ ಆ ಕಾದಂಬರಿ. ಲೆ ಕಾರೆ ಅನ್ನೋದೂ ಇಟ್ಟುಕೊಂಡ ಹೆಸರೇ. ಸ್ವತಃ ಗುಪ್ತಚರ ಇಲಾಖೆಯಲ್ಲಿದ್ದದ್ದರಿಂದ ಡೇವಿಡ್ ಕಾರ್ನ್‌ವೆಲ್ ಅಂತ ತನ್ನ ಹೆಸರಲ್ಲಿ ಬರೆಯೋ ಹಾಗಿರಲಿಲ್ಲ.

ಮೇಷ್ಟ್ರು: ಒಳ್ಳೆ ಮಾತು ಹೇಳಿದೆ. ಅದೇ ನೋವು ವಿಶಾಖದತ್ತನ 'ಮುದ್ರಾರಾಕ್ಷಸ'ದಲ್ಲೂ ಇದೆ. ಮೊದಲ ಅಂಕದಲ್ಲಿ ನಿಪುಣಕ ಅನ್ನೋ ಚಾರ ಯಮಪಟ ತೋರಿಸಿ ಹಾಡೋನ ವೇಷದಲ್ಲಿ ಬಂದು ಚಾಣಕ್ಯನಿಗೆ ವರದಿ ಒಪ್ಪಿಸ್ತಾನೆ: ಎದುರಾಳಿ ಮಂತ್ರಿ ರಾಕ್ಷಸನ ಕಡೆಯವರು ಊರಲ್ಲಿ ಮೂವರಿದ್ದಾರೆ, ಒಬ್ಬ ಜೀವಸಿದ್ಧಿ ಅನ್ನೋ ಕ್ಷಪಣಕ ಸನ್ಯಾಸಿ. ಆ ಜೀವಸಿದ್ಧಿ ಚಾಣಕ್ಯನ ಸಹಪಾಠಿ ಇಂದುಶರ್ಮ, ಇವನದೇ ಆಳು! ನಿಪುಣಕನಿಗೆ ಗೊತ್ತಿಲ್ಲ. ಚಾಣಕ್ಯ ಹೇಳೋದೂ ಇಲ್ಲ. ಅರ್ಥಶಾಸ್ತ್ರದ ಕಟ್ಟಳೆಯೇ ಹಾಗೆ, ಒಂದು ಠಾಣೆಯ ಚಾರರು ಇನ್ನೊಂದು ಠಾಣೆಯವರನ್ನ ಅರಿಯಬಾರದು, ಸುದ್ದಿ ಹೋಗೋದು ಸಂಕೇತಲಿಪಿಯಲ್ಲಿ. ಕೊನೆಗೆ ತಾನು ಗೆಳೆಯ ಅಂತ ನಂಬಿದ್ದ ಜೀವಸಿದ್ಧಿಯೂ ಚಾಣಕ್ಯನವನೇ ಅಂತ ತಿಳಿದಾಗ ರಾಕ್ಷಸ ಕುಸಿದುಹೋಗ್ತಾನೆ, ಶತ್ರು ನನ್ನ ಎದೆಯೊಳಕ್ಕೇ ಬಂದು ಕೂತಿದ್ದ ಅಂತ. ಆ ಅರ್ಥಶಾಸ್ತ್ರವನ್ನ ತಾಳೆಗರಿಯಿಂದ ಎತ್ತಿ 1909ರಲ್ಲಿ ಅಚ್ಚು ಮಾಡಿಸಿದವರು ನಮ್ಮ ಮೈಸೂರಿನ ಶಾಮಶಾಸ್ತ್ರಿಗಳು. ಮುದ್ರಾರಾಕ್ಷಸದ ಕಥೆಯನ್ನ ಕೆಂಪುನಾರಾಯಣ 1823ರಲ್ಲೇ 'ಮುದ್ರಾಮಂಜೂಷ' ಅಂತ ಕನ್ನಡ ಗದ್ಯಕ್ಕೆ ತಂದ. ಗೂಢಚಾರರ ಕಥೆ ಕನ್ನಡಕ್ಕೆ ಬಂದದ್ದು 999 ಜೊತೆ ಅಂತ ಯಾರಾದರೂ ಅಂದರೆ ನನಗೆ ಬೇಜಾರಾಗುತ್ತೆ.

ಶಿಷ್ಯೆ: ಒಂದು ವಿಷಯ ಕೊರೀತಿದೆ. ಯುಧಿಷ್ಠಿರ ಗುಟ್ಟಿನ ಹೆಸರಿಟ್ಟದ್ದು ಐವರಿಗೆ. ದ್ರೌಪದಿಗೆ?

ಮೇಷ್ಟ್ರು: ಆ ಪಟ್ಟಿಯಲ್ಲಿ ಆರನೇ ಹೆಸರಿಲ್ಲ.

ಶಿಷ್ಯೆ: ಅಂದರೆ ಚಟ್ಟದ ಮೇಲೆ ಕಟ್ಟಿಸಿಕೊಂಡು ಹೋದವಳು ಅವಳು, ಆ ಹೆಸರುಗಳನ್ನ ಜತನವಾಗಿ ಕಾಪಾಡಿ ಸರಿಯಾದ ಗಳಿಗೆಯಲ್ಲಿ ಕೂಗಿದವಳು ಅವಳು. ಅವಳನ್ನ ಕತ್ತಲಲ್ಲಿ ಕರೆಯೋಕೆ ಒಂದು ಹೆಸರು ಯಾರೂ ಇಡಲಿಲ್ಲ. ನಾನೂ ಅದನ್ನೇ ಮಾಡಿದ್ದೀನಿ. ನನ್ನ ಕಥೆಯಲ್ಲಿ ಬಂದರಿನ ಸುದ್ದಿಯನ್ನ ರೇಡಿಯೋದಲ್ಲಿ ಕಳಿಸೋಳು ಒಬ್ಬ ಹೆಂಗಸು. ಅವಳಿಗೆ ಗುಟ್ಟಿನ ಹೆಸರಿಡೋ ಯೋಚನೆಯೇ ನನಗೆ ಬರಲಿಲ್ಲ. ಅಪಾಯವೆಲ್ಲ ಅವಳದೇ, ಯಾಕೆ ಅಂದರೆ ಶತ್ರು ಹುಡುಕೋದು ಮೊದಲು ರೇಡಿಯೋವನ್ನ.

ಮೇಷ್ಟ್ರು: ನೂರ್ ಇನಾಯತ್ ಖಾನ್ ಬಗ್ಗೆ ಓದಿದ್ದೀಯಾ?

ಶಿಷ್ಯೆ: ಓದಿದ್ದೀನಿ. ಆಕೆಯೇ ಮನಸ್ಸಿನಲ್ಲಿದ್ದಳು. ತಂದೆ ಸೂಫಿ ಸಂಗೀತಗಾರ ಇನಾಯತ್ ಖಾನ್, ಅವರ ತಾಯಿಯ ಕಡೆಯಿಂದ ಟಿಪ್ಪು ಸುಲ್ತಾನನ ವಂಶ. ಜಾತಕ ಕಥೆಗಳನ್ನ ಮಕ್ಕಳಿಗಾಗಿ ಇಂಗ್ಲಿಷಿನಲ್ಲಿ ಬರೆದವಳು, ಆ ಪುಸ್ತಕ ಬಂದದ್ದು 1939ರಲ್ಲಿ. 1943ರ ಜೂನ್‌ನಲ್ಲಿ ಜರ್ಮನರ ಕೈಯಲ್ಲಿದ್ದ ಫ್ರಾನ್ಸಿಗೆ ರೇಡಿಯೋ ಜೊತೆ ಹೋದಳು. ಬ್ರಿಟನ್ ಅಲ್ಲಿಗೆ ಕಳಿಸಿದ ಮೊದಲ ಮಹಿಳಾ ರೇಡಿಯೋ ಆಪರೇಟರ್ ಅವಳೇ. ಕಾಗದಪತ್ರದಲ್ಲಿ ಜೀನ್-ಮರಿ ರೆನಿಯೇ, ಸಂಗಡಿಗರಿಗೆ 'ಮೇಡ್‌ಲೆನ್'. ಹೋದ ಕೆಲವೇ ದಿನದಲ್ಲಿ ಅವಳು ಸೇರಿದ್ದ ಗುಪ್ತ ಜಾಲದವರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ವಾಪಸ್ ಬಾ ಅಂದರೂ ಬರದೆ ಮನೆಯಿಂದ ಮನೆಗೆ ರೇಡಿಯೋ ಹೊತ್ತು ಓಡಾಡ್ತಾ ಸುದ್ದಿ ಕಳಿಸಿದಳು. ಅಕ್ಟೋಬರಿನಲ್ಲಿ ಹಿಡಿದರು. ಸರಪಳಿ ಹಾಕಿ ತಿಂಗಳುಗಟ್ಟಲೆ ಒಬ್ಬಳನ್ನೇ ಇಟ್ಟರು. 1944ರ ಸೆಪ್ಟೆಂಬರ್ 13ರಂದು ಡಾಖಾವ್‌ನಲ್ಲಿ ಕೊಂದರು. ಮೂವತ್ತು ವರ್ಷ.

ಮೇಷ್ಟ್ರು: ಸೆರೆಮನೆಯ ತಟ್ಟೆ ಲೋಟದ ವಿಷಯ ಮರೆತೆ ನೀನು. ಪ್ಫೋರ್ಟ್ಸ್‌ಹೈಮ್ ಸೆರೆಮನೆಯಲ್ಲಿ ಊಟದ ಲೋಟದ ತಳದಲ್ಲಿ ಗೀಚಿ ಬರೆದು, ಅದು ಬೇರೆ ಕೈದಿಗಳ ಕೈಗೆ ಹೋಗೋ ಹಾಗೆ ಮಾಡ್ತಿದ್ದಳು. ಬರೆದದ್ದು ಮೇಡ್‌ಲೆನ್ ಅಂತ ಅಲ್ಲ, ರೆನಿಯೇ ಅಂತಲೂ ಅಲ್ಲ. ಬರೆದದ್ದು ತನ್ನದೇ ಇನ್ನೊಂದು ಹೆಸರು, ನೋರಾ ಬೇಕರ್ ಅಂತ, ಜೊತೆಗೆ ಲಂಡನ್ನಿನ ಮನೆಯ ವಿಳಾಸ. ಯಾರಾದರೂ ಒಬ್ಬರು ತಾನು ಇಲ್ಲಿದ್ದೀನಿ ಅಂತ ತಿಳಿಯಲಿ ಅಂತ. ದ್ರೌಪದಿ ಕೂಗಿದಾಗ ಭೀಮ ಗೋಡೆ ಹಾರಿ ಬಂದ. ಇವಳ ಬರಹ ಓದಿದವರೂ ಸೆರೆಯಲ್ಲಿದ್ದವರೇ, ಬರೋಕೆ ಆಗಲಿಲ್ಲ.

ಶಿಷ್ಯೆ: 1949ರಲ್ಲಿ ಜಾರ್ಜ್ ಕ್ರಾಸ್ ಕೊಟ್ಟರು. 2020ರಲ್ಲಿ ಲಂಡನ್ನಿನ ಟ್ಯಾವಿಟನ್ ಬೀದಿಯ ಆ ಮನೆಗೆ ನೀಲಿ ಫಲಕ ಹಾಕಿದರು. ಅದರಲ್ಲಿ ನೂರ್ ಅನ್ನೋ ಹೆಸರೂ ಇದೆ, ಮೇಡ್‌ಲೆನ್ ಅನ್ನೋ ಗುಟ್ಟಿನ ಹೆಸರೂ ಇದೆ. ನಾನು ಕಾದಂಬರಿಯನ್ನ ಮೊದಲಿನಿಂದ ಬರೀತೀನಿ ಮೇಷ್ಟ್ರೇ. ರೇಡಿಯೋದವಳ ಕಡೆಯಿಂದ. ಬಂದರಿನ ಗುಮಾಸ್ತ ಪಕ್ಕಕ್ಕೆ ಬರಲಿ. ಹೆಸರಿಡೋ ಅಧಿಕಾರಿ ಮೊದಲ ಅಧ್ಯಾಯದಲ್ಲೇ ಇರಲಿ. ಅವನಿಗೆ ಆ ಹೆಸರು ಒಂದು ದಿನ ಯಾರದೋ ತಾಯಿಗೆ ಹೇಳಬೇಕಾಗಬಹುದು ಅನ್ನೋದು ಗೊತ್ತಿರಲಿ. ನೂರ್‌ಳ ಬದುಕನ್ನೇ ಎತ್ತಿಕೊಳ್ಳಲಾ ಅಂತಲೂ ಅನ್ನಿಸ್ತಿದೆ.

ಮೇಷ್ಟ್ರು: ಅದೊಂದು ಬೇಡ ಅಂತ ಕೇಳ್ಕೋತೀನಿ. ಆಕೆಯ ಬದುಕನ್ನ ಬರೆಯೋದಾದರೆ ಒಂದು ಅಕ್ಷರ ಹೆಚ್ಚುಕಮ್ಮಿ ಇಲ್ಲದ ಹಾಗೆ ಜೀವನಚರಿತ್ರೆ ಬರಿ, ಕನ್ನಡದ ಮಕ್ಕಳ ಕೈಗೆ ಸಿಗೋ ಹಾಗೆ ಬರಿ. ಕಾದಂಬರಿಗೆ ನಿನ್ನ ಹೆಣ್ಣನ್ನ ನೀನೇ ಹುಟ್ಟಿಸು, ಕಾರವಾರದಲ್ಲೇ ಹುಟ್ಟಿಸು. ಅದಕ್ಕೂ ಮುಂಚೆ ವಿರಾಟಪರ್ವವನ್ನ ಮೂಲದಲ್ಲೂ ಕುಮಾರವ್ಯಾಸನಲ್ಲೂ ಓದು, ಮುದ್ರಾಮಂಜೂಷವನ್ನ ಗ್ರಂಥಾಲಯದಿಂದ ತಂದು ಓದು. ಓದಿ ಆದ ಮೇಲೆ ಹೊಸ ಮೊದಲ ಅಧ್ಯಾಯ ತಗೊಂಡು ಬಾ, ಕೂತು ನೋಡೋಣ.